ಬಾಗಿಲ ಹಿಡಿಕೆಯ ಟವಲು

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಪ್ರೇತ, ಶಕುನ ಮುಂತಾದವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ವಿದ್ಯುತ್ ಇಲಾಖೆಯ ಎಂಜಿನಿಯರನಾದ ನಾನು ಕಾರಣವಿಲ್ಲದೆ ಯಾವುದೂ ನಡೆಯದೆಂದೇ ತಿಳಿದಿದ್ದೆ. ಬರೆದು ಅಭ್ಯಾಸವಿಲ್ಲ, ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಅರಕಲಗೂಡಿನಲ್ಲಿ ನನ್ನ ಅಧೀನದಲ್ಲಿ ಪುಟ್ಟಸ್ವಾಮಿ ಎಂಬ ಹಿರಿಯ ಲೈನ್‌ಮನ್ ಇದ್ದರು. ಕಂಬ ಹತ್ತುವ ಮುನ್ನ ಅವರು ಸಬ್‌ಸ್ಟೇಷನ್‌ನಲ್ಲಿ ಆ ಲೈನಿನ ಸ್ವಿಚ್ ಇಳಿಸಿ, ಅದರ ಹಿಡಿಕೆಗೆ ತಮ್ಮ ಹಸಿರು ಅಂಚಿನ ಟವಲನ್ನು ಬಿಗಿಯುತ್ತಿದ್ದರು. ತಾವೇ ಬಂದು ಬಿಚ್ಚುವವರೆಗೆ ಯಾರೂ ಕರೆಂಟು ಕೊಡಬಾರದೆಂಬುದು ಅದರ ಅರ್ಥ. ಇದಕ್ಕೆಲ್ಲ ಲಿಖಿತ ಅನುಮತಿ ಪತ್ರವಿದೆಯಲ್ಲ ಎಂದು ಆಕ್ಷೇಪಿಸಿದಾಗ ನಕ್ಕಿದ್ದರು.

“ಕಾಗ್ದ ಗಾಳಿಗೆ ಆರೋಯ್ತದೆ ಕಣ್ ಸಾ. ಈ ಗಂಟ ನನ್ ಎಂಡ್ರು ಕೈಲೂ ಬಿಚ್ಚಾಕಾಗಾಕಿಲ್ಲ.”

ಒಂದು ದಿನ ಸಬ್‌ಸ್ಟೇಷನ್ ಆಪರೇಟರ್ ಕರೆ ಮಾಡಿ, ಕೆಲಸ ಮುಗಿದಂತಿದೆ ಎಂದರು. “ಟವಲು ಮಾತ್ರ ಅಂಗೇ ಐತೆ ಸಾ. ಬಿಚ್ಚಿಬಿಡ್ಲಾ?” ಬೇಗ ಕರೆಂಟು ಕೊಡುವಂತೆ ಮೇಲಿನಿಂದ ಒತ್ತಡವಿತ್ತು. ಪುಟ್ಟಸ್ವಾಮಿ ಮರೆತಿರಬೇಕೆಂದು ಭಾವಿಸಿ, ಬಿಚ್ಚಲು ನಾನೇ ಹೇಳಿದೆ. ಅವರು ಕಂಬದ ಮೇಲೆಯೇ ಇದ್ದರು.

ವಿಚಾರಣೆಯಲ್ಲಿ ಟವಲಿನ ಪ್ರಸ್ತಾಪ ಬರಲಿಲ್ಲ, ನಾನೂ ತರಲಿಲ್ಲ. ಅದನ್ನು ಅವರೊಂದಿಗೇ ಮಣ್ಣು ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಎರಡು ವರ್ಷಗಳ ತರುವಾಯ ಹಾಸನದಲ್ಲಿ ನಮ್ಮಂಥ ಅಧಿಕಾರಿಗಳಿಗೆ ನಾಯಕತ್ವ ತರಬೇತಿ ಏರ್ಪಾಡಾಗಿತ್ತು. ಎರಡನೆಯ ದಿನ ಊಟದ ನಂತರ, ಒತ್ತಡದ ನಡುವೆ ತಾವು ಕೈಗೊಂಡ ಅತ್ಯುತ್ತಮ ನಿರ್ಧಾರವನ್ನು ಬರೆಯುವಂತೆ ತರಬೇತುದಾರರು ಸೂಚಿಸಿದರು. ನನ್ನ ಹಾಳೆ ಖಾಲಿಯಿತ್ತು. ಆಗಲೇ ಅದೇ ಆಪರೇಟರ್ ಕರೆ ಮಾಡಿದರು.

“ರಿಪೇರಿ ಆಯ್ತು, ಎಲ್ಲಾ ಇಳ್ದವ್ರಂತೆ ಸಾ. ಜನ ಗೇಟ್ ತಾವ ಕುಂತವ್ರೆ. ಲೈನ್ ಕೊಟ್ಬಿಡ್ಲಾ?”

ಕೊಡಿ ಎನ್ನಲು ಬಾಯ್ತೆರೆದು ತಲೆಯೆತ್ತಿದೆ. ಸಭಾಂಗಣದ ಬಾಗಿಲ ಹಿಡಿಕೆಗೆ ಹಸಿರು ಅಂಚಿನ ಟವಲು ಬಿಗಿದಿತ್ತು. ಅದೇ ಗಂಟು.

ಬೇಡ, ಒಬ್ಬೊಬ್ಬರನ್ನೂ ಎಣಿಸಿ ಎಂದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಗುತ್ತಿಗೆ ನೌಕರರೊಬ್ಬರು ಕೊನೆಯ ಕಂಬದ ಮೇಲಿದ್ದರು.

ಇದನ್ನೇ ಬರೆಯಿರೆಂದು ಪಕ್ಕದವರು ಬೆನ್ನು ತಟ್ಟಿದರು. ನನಗೆ ಬರೆಯಲಾಗಲಿಲ್ಲ. ಟವಲು ಯಾರದೆಂದು ವಿಚಾರಿಸಿದೆ. ಊಟ ಮುಗಿಸಿ ಬರುವಾಗ ಅದು ಅಲ್ಲಿರಲಿಲ್ಲವೆಂದೇ ಎಲ್ಲರೂ ತಿಳಿಸಿದರು. ಕಟ್ಟಿದವರನ್ನು ಕಂಡವರಿಲ್ಲ. ಸದರಿ ವಿಷಯಕ್ಕೆ ಇಂದಿನವರೆಗೂ ನನ್ನಲ್ಲಿ ವಿವರಣೆ ಇಲ್ಲ.

ಸಂಜೆ ಎಲ್ಲರೂ ಹೊರಟ ಮೇಲೆ, ಬೀಗ ಹಾಕಲು ಬಂದ ಜವಾನರು ಆ ಗಂಟಿನ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು.

“ಯಾರ್ದೋ ಏನೋ ಸಾ. ಬಿಚ್ಚಿಬಿಡ್ಲಾ?”

ನಾನು ಆ ಬಾಗಿಲನ್ನು ಬಿಟ್ಟು ಇನ್ನೊಂದರಿಂದ ಹೊರಬಂದೆ.