ಉಗ್ರಾಣದ ಅಕ್ಕಾರು

ಈ ಲೋಕದಲ್ಲಿ ಯಾರೂ ಯಾರಿಗೂ ಅನಿವಾರ್ಯರಲ್ಲ. ಈ ಮಾತನ್ನು ಮೊದಲು ಹೇಳಿದ ಮಹಾನುಭಾವರಿಗೆ ಚಹಾ ಹೊತ್ತಿಗೆ ಸರಿಯಾಗಿ ಸಿಗುತ್ತಿದ್ದಿರಬೇಕು.

ನಮ್ಮ ಪಣಜಿಯ ಕಚೇರಿಯಲ್ಲಿ ಅಕ್ಕಾರು ನನ್ನ ಪಕ್ಕದ ಖುರ್ಚಿಯವರು. ವಾಸ್ಕೋ ಬಸ್ಸಿಳಿದು ಬಂದವರೇ ಸೆರಗಿನಿಂದ ದಪ್ಪ ಕನ್ನಡಕ ಒರೆಸಿ, ಕಂಪ್ಯೂಟರಿಗೆ ಎಷ್ಟು ಹತ್ತಿರ ಬಾಗುತ್ತಿದ್ದರೆಂದರೆ, ಸಂಜೆ ಪರದೆಯ ಮೇಲೆ ಅವರ ಮೂಗಿನ ಗುರುತು ಇರುತ್ತಿತ್ತು. ವಾಸ್ಕೋದ ಬಾಯ್ನಾದ ಕನ್ನಡ ಕೇರಿಯಲ್ಲಿ ಬೆಳೆದವರು, ವಯಸ್ಸಿನಲ್ಲೂ ಕೋಡ್ ಬರೆಯುವುದರಲ್ಲೂ ನಮಗೆಲ್ಲ ಹಿರಿಯರು.

ನಮ್ಮ ಆ್ಯಪ್ ದೋಣಿ ವಿಹಾರದ ಟಿಕೆಟ್ ಮಾರುತ್ತಿತ್ತು. ಟಿಕೆಟ್, ಪಾವತಿ, ನಕ್ಷೆ ಎಂದು ಒಳಗೆ ಬೇರೆ ಬೇರೆ ಮಾಡ್ಯೂಲ್‌ಗಳು. ಪ್ರತಿಯೊಂದೂ ಗಿರಾಕಿಗಳ ಪಟ್ಟಿ ಸಹಿತ ತನಗೆ ಬೇಕಾದ್ದನ್ನು ತಾನೇ ಹುಟ್ಟಿಸಿಕೊಳ್ಳುವಷ್ಟು ಸ್ವಾಭಿಮಾನಿ. ಹೀಗಾಗಿ ಟಿಕೆಟ್ ಮಾಡ್ಯೂಲ್ ಆದರದಿಂದ ಬರಮಾಡಿಕೊಂಡ ಗಿರಾಕಿಯನ್ನು ಪಾವತಿಯ ಮಾಡ್ಯೂಲ್ "ತಾವು ಯಾರು?" ಎಂದು ಕೇಳುತ್ತಿತ್ತು. ಹೀಗೆ ಕೋಡ್‌ನೊಳಗೆ ಬಿದ್ದ ಗಂಟುಗಳೆಲ್ಲ ಎಲ್ಲೆಲ್ಲಿವೆ ಎಂದು ಗೊತ್ತಿದ್ದುದು ಅಕ್ಕಾರಿಗೆ ಮಾತ್ರ.

ಆಗ ಕಣ್ಣಿನ ಡಾಕ್ಟರು ಹೇಳಿದರು: ಪರದೆ ಬಿಡಿ, ಇಲ್ಲವಾದರೆ ದೃಷ್ಟಿ ಹೋಗುತ್ತದೆ. ಅಕ್ಕಾರು ಕೆಲಸ ಬಿಡಲು ಮಾಲೀಕರು ಒಪ್ಪಿದರು, ಒಂದೇ ಷರತ್ತು: ಅಕ್ಕಾರಿಲ್ಲದೆ ಆ್ಯಪ್ ಒಂದು ವಾರ ನಡೆಯಬೇಕು.

ಅಕ್ಕಾರು ನಮ್ಮನ್ನು ಸುತ್ತ ಕೂರಿಸಿಕೊಂಡರು.

"ಮದುವ್ಯಾಗ ಉಗ್ರಾಣಕ್ಕ ಒಬ್ಬಾಕಿ ಕೂಡ್ತಾಳ. ಒಗ್ಗರಣಿಯವಂಗ ಸಾಸಿವಿ, ಹೋಳಿಗಿಯವಂಗ ಬೆಲ್ಲ, ಎಲ್ಲಾ ಆಕೀನ ಕೊಡ್ತಾಳ. ಅವರವರ ಸಾಸಿವಿ ಅವರವರ ಬೆಳಕೊಂತ ಕುಂತ್ರ ಮದುಮಕ್ಕಳ ತಲಿಮ್ಯಾಲ ಅಕ್ಕಿಕಾಳು ಯಾವಾಗ ಬೀಳಬೇಕು?"

ಪುಸ್ತಕದಲ್ಲಿ ಇದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ, ಆಸ್ಪತ್ರೆಯ ವಾಸನೆಯ ಹೆಸರಿದೆ. ಮಾಡ್ಯೂಲ್ ತನಗೆ ಬೇಕಾದ್ದನ್ನು ಕೇಳಬೇಕು, ತಾನೇ ಮಾಡಿಕೊಳ್ಳಬಾರದು. ಹೊರಗಿನ ಒಂದೇ ಜಾಗದಿಂದ ಅದು ಸಿಗಬೇಕು. ಆ ಜಾಗವನ್ನು ನಾವು ಉಗ್ರಾಣ ಎಂದೇ ಕರೆದೆವು. ಗಂಟುಗಳು ಒಂದೊಂದಾಗಿ ಬಿಚ್ಚಿದವು. ನಕ್ಷೆಯ ಮಾಡ್ಯೂಲ್‌ನಲ್ಲಿ ಒಂದು ಗಂಟು ಮಾತ್ರ ಉಳಿಯಿತು. ಅದು ಬಿಚ್ಚಿದರೆ ಅಕ್ಕಾರು ಹೋಗುತ್ತಾರೆಂದು ತಂಡದಲ್ಲಿ ಯಾರಿಗೂ ಅದರ ಕಡೆ ಕೈ ಏಳುತ್ತಿರಲಿಲ್ಲ. ತಡವೇಕೆಂದು ಕೇಳಿದಾಗ ಮಳೆ, ಕರೆಂಟು, ನೆಗಡಿ, ಎಲ್ಲವನ್ನೂ ಸಾಕ್ಷಿಗೆ ಕರೆದೆವು.

ಅಕ್ಕಾರು ಪರದೆಗೆ ಬಾಗಿ ನೋಡಿದರು. ಕನ್ನಡಕ ತೆಗೆದರು.

"ಇದನ್ನ ಬೇಕಂತನ ಬಿಟ್ಟೀರಿ, ಹೌದಲ್ಲೋ?"

"ನೀವು ಹೋದ್ರ ನಮಗ ಯಾರದಾರ್ರಿ, ಅಕ್ಕಾರ?" ಎಂದೆ.

"ನಿಮ್ಮ ಪ್ರೀತಿ ಭಾಳ ಚಲೋ ಐತಿ ತಮ್ಮಾ. ಅದಕ್ಕ ನನ್ನ ಕಣ್ಣು ಕೊಡಬೇಕೇನು?"

ಸಂಜೆಯೊಳಗೆ ಅದನ್ನು ಬಿಚ್ಚಿದೆವು.

ಪರೀಕ್ಷೆಯ ವಾರವೆಲ್ಲ ಅಕ್ಕಾರು ಬಾಯ್ನಾದ ಮನೆಯಲ್ಲಿದ್ದರು. ನಾವು ಫೋನ್ ಮಾಡಲಿಲ್ಲ. ಮಾಡಲು ಆ್ಯಪ್ ಒಂದು ನೆಪವನ್ನೂ ಕೊಡಲಿಲ್ಲ. ಕೊನೆಗೆ ಅವರೇ ಬಂದು ಬಾಗಿಲಲ್ಲಿ ನಿಂತು ಕೇಳಿದರು:

"ನಿಂತಿತ್ತೇನೋ?"

"ಇಲ್ರಿ."

"ಒಂದ ಸಲಾನೂ?"

"ಇಲ್ರಿ, ಅಕ್ಕಾರ."

"ಚಲೋ ಆತು" ಎಂದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

ಈಗಲೂ ಏನಾದರೂ ತೊಡಕಾದರೆ ನಾನು ಪಕ್ಕಕ್ಕೆ ತಿರುಗಿ "ಅಕ್ಕಾರ" ಅನ್ನುತ್ತೇನೆ. ಆ ಖುರ್ಚಿಗೆ ಹೊಸದಾಗಿ ಬಂದವರು ಕಿವಿಯ ಹೆಡ್‌ಫೋನ್ ತೆಗೆದು "ಯೆಸ್?" ಅನ್ನುತ್ತಾರೆ. ಬುದ್ಧಿವಂತರು, ಸಜ್ಜನರು, ಅವರ ಮೇಲೆ ಹೊರಿಸಲು ನನ್ನ ಬಳಿ ಒಂದು ತಪ್ಪೂ ಇಲ್ಲದಿರುವುದೇ ಕಷ್ಟ. ಏನಿಲ್ಲ ಎಂದು ಪರದೆಯತ್ತ ತಿರುಗುತ್ತೇನೆ. ನನಗೆ ಬೇಕಾದ್ದನ್ನು ಯಾವ ಉಗ್ರಾಣದಲ್ಲಿ ಕೇಳಬೇಕೆಂದು ಅಕ್ಕಾರು ಹೇಳಿಕೊಟ್ಟಿಲ್ಲ.

ಅಕ್ಕಾರು ಈಗ ಉಸಗಾಂವದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಕಣ್ಣು ಉಳಿದಿದೆ. ಆ್ಯಪ್ ನಡೆಯುತ್ತಿದೆ.