ಗುರುವಪ್ಪನ ಕೈಯ ಸೂಜಿ

ಬೊಳ್ಳಮ್ಮ ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯಲ್ಲಿ ಆಯಾ. ಆ ವರ್ಷ ಊರಿಡೀ ಡೆಂಗಿ ಹಬ್ಬಿ, ವರಾಂಡದಲ್ಲೂ ಮಂಚ ಹಾಕಿದ್ದರು. ಜ್ವರ ಬಿಟ್ಟಿದ್ದ ಇಬ್ಬರಿಗೆ ಮತ್ತೆ ಚಳಿ ಹಿಡಿಯಿತು. ಡ್ರಿಪ್ ಸೂಜಿಯ ದಾರಿಯಲ್ಲಿ ರೋಗಾಣು ರಕ್ತಕ್ಕೆ ಇಳಿದಿದೆ ಎಂದರು ಡಾಕ್ಟರು. ಇಬ್ಬರೂ ಉಳಿದರು, ಮೂರು ವಾರ ನರಳಿ. ಅಂದಿನಿಂದ ಬೊಳ್ಳಮ್ಮ ಸೋಪು ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಳು. ಡಾಕ್ಟರೂ ಕೈ ತೊಳೆಯದೆ ಒಳಹೋಗುವಂತಿರಲಿಲ್ಲ.

ಅಷ್ಟರಲ್ಲಿ ಅವಳ ಗಂಡ ಗುರುವಪ್ಪನೇ ಡೆಂಗಿ ಹಿಡಿದು ಅದೇ ವಾರ್ಡಿಗೆ ಬಂದು ಮಲಗಿದ. ನಾಲ್ಕನೇ ದಿನಕ್ಕೆ ಗಂಜಿ, ಮೀನುಸಾರು ಎಲ್ಲ ಸೇರುತ್ತಿತ್ತು. ಕೈಯಲ್ಲಿ ಸೂಜಿ ಮಾತ್ರ ಹಾಗೇ ಇತ್ತು. ಅದರ ಸುತ್ತ ಕೆಂಪಗಾಗಿದ್ದನ್ನು ಕಂಡು ಬೊಳ್ಳಮ್ಮ ನರ್ಸ್ ಶ್ವೇತಳನ್ನು ಕರೆದಳು.

"ಉಣ್ಣುವ ಬಾಯಿ ಇರುವಾಗ ಇದೆಂತಕೆ ಮಗಳೇ? ತೆಗೆ."

ಗುರುವಪ್ಪ ಕೈ ಹಿಂದಕ್ಕೆಳೆದುಕೊಂಡ. "ಬೇಡ. ನಾಳೆ ಭಾಗಮಂಡಲದಿಂದ ಭಾವ ಬರ್ತಾನೆ. ಡ್ರಿಪ್ಪೇ ಇಲ್ಲದಿದ್ರೆ ನಂಗೆ ಕಾಯಿಲೆ ಅಂತ ಅವ ನಂಬುದು ಹೇಗೆ?"

"ನಾ ಹೇಳ್ತೇನೆ ಅವಂಗೆ."

ಡಾಕ್ಟರನ್ನು ಕೇಳಿ ಶ್ವೇತ ಸೂಜಿ ತೆಗೆದಳು. ಚಳಿ ಬರಲಿಲ್ಲ, ಕೆಂಪೂ ಇಳಿಯಿತು. ಮರುದಿನ ಬಂದ ಭಾವ, "ಮೈ ಬಂದಿದೆಯಲ್ಲ" ಎಂದುಬಿಟ್ಟ. ಆ ಸಿಟ್ಟಿಗೆ ಗುರುವಪ್ಪ ಎರಡು ದಿನ ಹೆಂಡತಿಯೊಡನೆ ಮಾತು ಬಿಟ್ಟ. ವಾರ್ಡಿನ ಗಡಿಬಿಡಿಯಲ್ಲಿ ಅವಳಿಗೆ ಅದು ಗೊತ್ತಾಗಲೇ ಇಲ್ಲ.