ಕಾಗದಕ್ಕೊಂದು ತಂಪು ಕೋಣೆ

ಆ ಕಾಗದದ ಕಾರ್ಖಾನೆಯಲ್ಲಿ ಕಡು ಬೇಸಿಗೆಯಲ್ಲೂ ತಂಪಾಗಿರುತ್ತಿದ್ದ ಕೋಣೆ ಒಂದೇ ಒಂದು. ಅದನ್ನು ಮನುಷ್ಯರಿಗಾಗಿ ಕಟ್ಟಿದ್ದಲ್ಲ, ಕಾಗದಕ್ಕಾಗಿ ಕಟ್ಟಿದ್ದು. ಇಷ್ಟು ಸರಳವಾದ ವಿಷಯವನ್ನು ಜನರ ತಲೆಗೆ ತುಂಬಲು ಹೆಣಗಿ ಹೆಣಗಿ ಅಲ್ಲಿನ ಪರೀಕ್ಷಕಿಯ ಗಂಟಲೇ ಕೆಟ್ಟುಹೋಗಿತ್ತು. ಬೆಳಗಿನಿಂದ ಸಂಜೆಯವರೆಗೆ "ಬಾಗಿಲು! ಬಾಗಿಲು ಹಾಕ್ರೀ!" ಎಂದು ಕೂಗುತ್ತಿದ್ದ ಆಕೆಗೆ ಬಾಗಿಲಕ್ಕ ಎಂದೇ ಹೆಸರು ಬಿದ್ದಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಕಾಗದದ ಸ್ವಭಾವವೇ ಅಂಥದ್ದು. ಸುಮ್ಮನೆ ಬಿದ್ದಿರುವ ಹಾಳೆಯೂ ಗಾಳಿಯಲ್ಲಿರುವ ತೇವವನ್ನು ಕುಡಿಯುತ್ತಲೇ ಇರುತ್ತದೆ. ಹೆಚ್ಚು ಕುಡಿದರೆ ಮೆತ್ತಗಾಗಿ, ಎಷ್ಟು ಮಡಿಸಿದರೂ ಮುರಿಯದೆ ತಾನೇ ಗಟ್ಟಿ ಎಂದು ಬೀಗುತ್ತದೆ. ಒಣಗಿಹೋದರೆ ನಾಲ್ಕು ಮಡಿಕೆಗೇ ಪಟ್ಟೆಂದು ಕೈಕೊಡುತ್ತದೆ. ಹಾಗಾಗಿ ಪರೀಕ್ಷೆಗೆ ಮೊದಲು ಹಾಳೆಗಳನ್ನು ಒಂದಿಡೀ ದಿನ, ತಂಪೂ ತೇವವೂ ಏರುಪೇರಾಗದ ಕೋಣೆಯಲ್ಲಿ ತೂಗುಹಾಕಬೇಕು. ತೇವವನ್ನು ಅಳೆಯಲು ಅಲ್ಲಿ ಗೋಡೆಯ ಮೇಲೊಂದು ಯಂತ್ರವಿತ್ತು. ನಿಧಾನವಾಗಿ ತಿರುಗುವ ಕಾಗದದ ಸುರುಳಿಯ ಮೇಲೆ ಅದರ ಸೂಜಿ ಹಗಲೂ ರಾತ್ರಿ ಗೆರೆ ಎಳೆಯುತ್ತಿತ್ತು. ಬಾಗಿಲು ತೆರೆದರೆ ಸಾಕು, ಸೂಜಿ ಜಿಗಿಯುತ್ತಿತ್ತು. ಯಾವ ಜಿಗಿತ ಯಾರದ್ದೆಂದು ಬಾಗಿಲಕ್ಕ ಗೆರೆ ನೋಡಿಯೇ ಹೇಳುತ್ತಿದ್ದಳು: ಇದು ಲೆಕ್ಕದವರು ಬಿಸಿ ಚಹಾ ಹಿಡಿದು ಬಂದದ್ದು, ಇದು ಕಾವಲುಗಾರ ಒದ್ದೆ ಟವೆಲ್ ಹೊದ್ದು ಬಂದದ್ದು, ಈ ದೊಡ್ಡ ಗುಡ್ಡ ಮ್ಯಾನೇಜರು ತಮ್ಮ ಅತಿಥಿಗಳನ್ನೆಲ್ಲ ಕರೆತಂದು "ನಮ್ಮ ಪ್ರಯೋಗಾಲಯ ನೋಡಿ" ಎಂದು ಅರ್ಧ ಗಂಟೆ ಭಾಷಣ ಬಿಗಿದದ್ದು.

"ಒಂದು ನಿಮಿಷ ಕೂತು ಹೋಗ್ತೀನಮ್ಮಾ, ಏನು ಗಂಟು ಹೋಗುತ್ತೆ?" ಎನ್ನುತ್ತಿದ್ದರು ಲೆಕ್ಕದವರು.

"ನೀವು ಕೂತ್ರೆ ಏನೂ ಹೋಗಲ್ಲ ಸಾರ್. ನೀವು ಉಸಿರಾಡ್ತೀರಲ್ಲ, ಅದೇ ತೊಂದ್ರೆ."

"ಇನ್ನೇನು, ಉಸಿರು ಬಿಗಿಹಿಡಿದು ಸಾಯ್ಲಾ?"

"ಸಾಯೋದಾದ್ರೆ ಹೊರಗಡೆ ಸಾಯಿರಿ" ಎನ್ನುವ ಮಾತು ನಾಲಿಗೆ ತುದಿಯವರೆಗೆ ಬರುತ್ತಿತ್ತು. ಹಿರಿಯರು ಎಂದು ನುಂಗಿಕೊಳ್ಳುತ್ತಿದ್ದಳು. ಕಿರಿಯರಾದರೆ ಅಷ್ಟು ಸಂಯಮವೂ ಇಲ್ಲ. "ಇದೇನು ನಿಮ್ಮ ಮಾವನ ಮನೆಯಾ?" ಎಂದು ಶುರುಮಾಡಿದರೆ ಅವರ ಚಳಿ ಬಿಡಿಸಿಯೇ ಕಳಿಸುತ್ತಿದ್ದಳು. ಏನು ಪ್ರಯೋಜನ? ಬೈಸಿಕೊಂಡವರು ಹಲ್ಲುಕಿರಿದು ಹೋಗಿ ಮರುದಿನ ಅದೇ ಹೊತ್ತಿಗೆ ಊಟದ ಡಬ್ಬಿ ಹಿಡಿದು ಹಾಜರ್!

ಆಕೆಗೆ ಉರಿಯುತ್ತಿದ್ದದ್ದು ಸುಮ್ಮಸುಮ್ಮನೆ ಅಲ್ಲ. ಇಪ್ಪತ್ತು ವರ್ಷ ಆ ಕೋಣೆಯಲ್ಲಿ ಹಾಳೆಗಳನ್ನು ಎಳೆದು, ಹರಿದು, ಮಡಿಸಿ ನೋಡಿದ ಆಕೆಯ ಫಲಿತಾಂಶಕ್ಕೆ ಕಾರ್ಖಾನೆಯ ಗೇಟಿನಾಚೆ ಮೂರು ಕಾಸಿನ ಬೆಲೆ ಇರಲಿಲ್ಲ. ಪ್ರಯೋಗಾಲಯಕ್ಕೆ ಮಾನ್ಯತೆ ಇಲ್ಲವಲ್ಲ! ಈಗ ವಿಶ್ವವಿದ್ಯಾಲಯದವರು ಭತ್ತದ ಹುಲ್ಲಿನಿಂದ ಮಾಡಿದ ಹೊಸ ಕಾಗದದ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಆ ಹಾಳೆಗಳ ಪರೀಕ್ಷೆಯನ್ನು ಇಲ್ಲೇ ಮಾಡಿಸಲು, ಪ್ರಬಂಧದಲ್ಲಿ ಪರೀಕ್ಷಕಿಯ ಹೆಸರು ಹಾಕಲು ಅವರು ತಯಾರಿದ್ದರು, ಮಾನ್ಯತೆಯೊಂದು ಸಿಕ್ಕರೆ. ಮಾನ್ಯತೆ ಕೊಡುವವರ ಷರತ್ತೂ ಒಂದೇ: ಅಧಿಕಾರಿ ಬರುವ ಮುಂಚಿನ ಏಳು ದಿನ ಆ ಸೂಜಿ ಜಿಗಿಯದೆ ಗೆರೆ ಎಳೆದಿರಬೇಕು. ಹಿಂದೆ ಎರಡು ಸಲ ಅದು ಆಗಿರಲಿಲ್ಲ. ಮೂರನೆಯ ಸಲಕ್ಕೆ ಬಾಗಿಲಕ್ಕ ಸೆರಗು ಬಿಗಿದು ನಿಂತಳು.

ಆ ವಾರ ಆಕೆ ಬೆಳಗ್ಗೆ ಒಮ್ಮೆ ಒಳಹೊಕ್ಕರೆ ಸಂಜೆಯೇ ಹೊರಬರುತ್ತಿದ್ದಳು. ಮೊದಲ ದಿನ ಲೆಕ್ಕದವರನ್ನು ಲೋಟದ ಸಮೇತ ವಾಪಸು ಕಳಿಸಿದಳು. ಎರಡನೆಯ ದಿನ ಮ್ಯಾನೇಜರಿಗೇ, "ನೀವೇ ಮಾನ್ಯತೆ ಬೇಕು ಅಂತೀರಿ, ನೀವೇ ನೆಂಟರನ್ನ ಕರ್ಕೊಂಡು ಬರ್ತೀರಿ. ಎರಡ್ರಲ್ಲಿ ಒಂದು ಹೇಳಿ" ಎಂದಳು. ಅವರು ಮುಖ ಊದಿಸಿಕೊಂಡು ಹೋದರು. ಆಮೇಲೆ ಬಾಗಿಲು ತಟ್ಟಿದವರಿಗೆಲ್ಲ ಮುಖ ನೋಡದೆ, ತಿರುಗದೆ, ಒಳಗಿನಿಂದಲೇ ಮಂಗಳಾರತಿ. ಸೂಜಿ ಬಾಲ ಮುದುರಿಕೊಂಡು ನೆಟ್ಟಗೆ ಓಡತೊಡಗಿತು.

ಇಡೀ ಕಾರ್ಖಾನೆಯಲ್ಲಿ ಆ ಕೋಣೆಯ ಹೊಸ್ತಿಲು ತುಳಿಯದ ಮನುಷ್ಯನೆಂದರೆ ಆಕೆಯ ಗಂಡ ಒಬ್ಬನೇ. ಆತನದ್ದು ಹಾಳೆ ಒಣಗಿಸುವ ವಿಭಾಗ. ಹಬೆ ತುಂಬಿದ ಕಬ್ಬಿಣದ ಉರುಳೆಗಳು ಸಾಲಾಗಿ ತಿರುಗುವ ಜಾಗ. ಅಲ್ಲಿ ನಿಂತರೆ ಹುಬ್ಬಿನ ಬೆವರೂ ಕೆಳಗಿಳಿಯುವಷ್ಟರಲ್ಲಿ ಆರಿಹೋಗುತ್ತಿತ್ತು. ಸಂಗಡಿಗರು ಸರದಿಯಂತೆ ತಂಪು ಕೋಣೆಗೆ ನುಗ್ಗುವಾಗ ಆತ ಮಾತ್ರ ಹೊರಗಿನ ಮರದಡಿ ಕೂತು ಉಣ್ಣುತ್ತಿದ್ದ. "ನನ್ನ ಹೆಂಡ್ತಿ ಕೆಲ್ಸ ನಾನೇ ಕೆಡಿಸ್ಲಾ?" ಎನ್ನುತ್ತಿದ್ದ. ಲೋಕದಲ್ಲಿ ತನ್ನ ಮಾತು ಕೇಳುವ ಪ್ರಾಣಿ ಒಂದಾದರೂ ಇದೆಯಲ್ಲ ಎಂದು ಬಾಗಿಲಕ್ಕನಿಗೆ ಒಳಗೊಳಗೇ ಹೆಮ್ಮೆ.

ಆರನೆಯ ದಿನ ಬಿಸಿಲು ವಿಪರೀತ. ಮಧ್ಯಾಹ್ನದಿಂದ ಒಣಗಿಸುವ ವಿಭಾಗದಲ್ಲಿ ಹಾಳೆ ಮತ್ತೆ ಮತ್ತೆ ಹರಿಯುತ್ತಿತ್ತಂತೆ. ಹರಿದಾಗಲೆಲ್ಲ ಯಾರಾದರೂ ಉರುಳೆಗಳ ಸಂದಿಗೆ ಹೋಗಿ ಚೂರುಗಳನ್ನು ಎಳೆದುಹಾಕಿ, ಹೊಸ ತುದಿಯನ್ನು ಪೋಣಿಸಬೇಕು. ಇತ್ತ ಬಾಗಿಲಕ್ಕ ಬಾಗಿಲು ತಟ್ಟಿದವರನ್ನೆಲ್ಲ ಒಳಗಿನಿಂದಲೇ ಗದರಿ ಅಟ್ಟುತ್ತಾ, ನೆಟ್ಟಗಿನ ಗೆರೆಯನ್ನೇ ಕಣ್ತುಂಬ ನೋಡುತ್ತಾ ಕೂತಿದ್ದಳು. ಇನ್ನೊಂದೇ ದಿನ.

ಸಂಜೆಯ ಹೊತ್ತಿಗೆ ಮತ್ತೆ ಬಾಗಿಲು ತಟ್ಟಿದ ಸದ್ದಾಯಿತು.

"ಆಗಲ್ಲ! ಎಷ್ಟು ಸಲ ಹೇಳ್ಬೇಕು ನಿಮಗೆ?" ಎಂದು ಕುಳಿತಲ್ಲಿಂದಲೇ ಗದರಿದಳು.

ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ತಟ್ಟಿದರು, ಮೊದಲಿಗಿಂತ ಮೆಲ್ಲಗೆ.

"ನಾಚಿಕೆ ಆಗಲ್ವೇನ್ರೋ? ಒಂದು ವಾರ, ಒಂದೇ ಒಂದು ವಾರ ಬೆವರು ಸುರಿಸ್ಕೊಂಡು ಇರಕ್ಕಾಗಲ್ವಾ?"

"ಅಕ್ಕಾ..." ಹೊರಗಿನ ದನಿ ನಡುಗುತ್ತಿತ್ತು. "ಭಾವ ಬಿದ್ಬಿಟ್ರು ಅಕ್ಕಾ. ಬಾಗಿಲು ತೆಗೀಲಾ?"

ಹೇಗೆ ಎದ್ದಳೋ, ಹೇಗೆ ಬಾಗಿಲು ಎಳೆದಳೋ. ಹೊರಗೆ ನಾಲ್ಕು ಜನ ಆಕೆಯ ಗಂಡನನ್ನು ಕೈಕಾಲು ಹಿಡಿದು ಎತ್ತಿಕೊಂಡು ನಿಂತಿದ್ದರು. ಚಹಾ ಕುಡಿಯಲು, ಹರಟೆ ಹೊಡೆಯಲು, ನಿದ್ದೆ ತೆಗೆಯಲು ಹೇಳದೆ ಕೇಳದೆ ನುಗ್ಗುತ್ತಿದ್ದ ಅದೇ ಜನ! ಈ ಒಂದು ಸಲ, ಪ್ರಜ್ಞೆ ತಪ್ಪಿದವನನ್ನು ಹೊತ್ತುಕೊಂಡು, ಅಪ್ಪಣೆ ಕೇಳುತ್ತಾ ನಿಂತಿದ್ದರು.

"ಬರೋದು ಬಿಟ್ಟು ಏನು ನೋಡ್ತಾ ನಿಂತಿದ್ದೀರಿ, ದಡ್ಡ ಮುಂಡೇವಾ! ಒಳಗೆ ಬನ್ರೋ!" ಎಂದು ಚೀರಿದಳು. ಬೈಯುತ್ತಲೇ ಅಳುತ್ತಿದ್ದಳು.

ಹಾಳೆ ಹರಡುವ ಉದ್ದ ಮೇಜಿನ ಮೇಲೆ ಆತನನ್ನು ಮಲಗಿಸಿದರು. ತೂಗುಹಾಕಿದ್ದ ಹಾಳೆಗಳನ್ನು ಆಕೆಯೇ ಕಿತ್ತು ಬೀಸಿದಳು. ಒದ್ದೆ ಬಟ್ಟೆ ಬಂತು, ಬಕೆಟ್ಟುಗಟ್ಟಲೆ ನೀರು ಬಂತು, ಸುದ್ದಿ ಕೇಳಿ ಮತ್ತಷ್ಟು ಜನ ಬಂದರು, ಕೊನೆಗೆ ಡಾಕ್ಟರೂ ಬಂದರು. ಗೋಡೆಯ ಮೇಲೆ ಸೂಜಿ ಏರಿ ಏರಿ ಕಾಗದದ ಅಂಚು ದಾಟಿ ಅಲ್ಲೇ ತಡವರಿಸುತ್ತಿತ್ತು. ಯಾರೂ ಅತ್ತ ನೋಡಲಿಲ್ಲ. ಕಣ್ಣುಬಿಟ್ಟ ಗಂಡ ಮಾತ್ರ ನೋಡಿದ.

"ಅಯ್ಯೋ, ಇನ್ನೊಂದೇ ದಿನ ಇತ್ತಲ್ಲೇ" ಎಂದ.

"ಸುಮ್ನೆ ಬಿದ್ಕೊಳ್ಳಿ" ಎಂದಳು.

ಎರಡು ದಿನ ಬಿಟ್ಟು ಅಧಿಕಾರಿ ಬಂದರು. ಯಂತ್ರ ಕೆಟ್ಟಿತ್ತು ಎಂದು ಹೇಳಿಬಿಡು, ಅದಕ್ಕೆ ವಿನಾಯಿತಿ ಉಂಟು ಎಂದು ಮ್ಯಾನೇಜರು ಬೆಳಗ್ಗೆಯೇ ಕಿವಿಯಲ್ಲಿ ಊದಿದ್ದರು. ಆಕೆ ಹೇಳಲಿಲ್ಲ. "ಯಂತ್ರ ಚೆನ್ನಾಗೇ ಇದೆ ಸಾರ್. ಬಾಗಿಲು ತೆಗೆದದ್ದು ನಾನು" ಎಂದಳು. ಅಧಿಕಾರಿ ಒಳ್ಳೆಯವರೇ, ಕಾರಣ ಕೇಳಿ ಪೇಚಾಡಿಕೊಂಡರು. ಆದರೆ ನಿಯಮ ನಿಯಮವೇ, ಇನ್ನು ಮುಂದಿನ ವರ್ಷ ಅರ್ಜಿ ಹಾಕಿ ಎಂದರು. ಅಷ್ಟರವರೆಗೆ ಕಾಯುವ ವ್ಯವಧಾನ ವಿಶ್ವವಿದ್ಯಾಲಯದವರಿಗೆ ಇರಲಿಲ್ಲ. ಹುಲ್ಲಿನ ಹಾಳೆಗಳು ಬೇರೆಡೆಗೆ ಹೋದವು.

ಅಂದು ಸಂಜೆ ಮನೆಗೆ ಬಂದವಳೇ ಎಲ್ಲ ಸಿಟ್ಟನ್ನೂ ಗಂಡನ ಮೇಲೆ ಕಾರಿದಳು.

"ಊರಿನವರೆಲ್ಲ ಬಂದು ನನ್ನ ತಲೆ ಮೇಲೆ ಕೂರ್ತಾರೆ. ನಿಮಗೇನಾಗಿತ್ತು ರೋಗ? ತಲೆ ಸುತ್ತಿದ ಕೂಡ್ಲೆ ಬರೋಕೆ ಏನಾಗಿತ್ತು?"

ಆತ ಹಾಸಿಗೆಯ ಮೇಲೆ ಎದ್ದು ಕೂತ. ಹೊದಿಕೆಯ ಅಂಚನ್ನು ನೆಟ್ಟಗೆ ಮಾಡಿದ.

"ಬಂದಿದ್ದೆ ಕಣೇ. ಮಧ್ಯಾಹ್ನವೇ ಬಂದಿದ್ದೆ. ಬಾಗಿಲು ತಟ್ಟಿದೆ. ನಾಚಿಕೆ ಇಲ್ವಾ, ತೊಲಗು ಅಂದೆ ನೀನು. ಯಾರು ಅಂತ ಗೊತ್ತಾಗಿಲ್ಲ ನಿನಗೆ, ಬಿಡು. ಸರಿ, ಇನ್ನೊಂದೇ ದಿನ ತಾನೆ ಅಂತ ಹೋಗಿ ಕೆಲ್ಸಕ್ಕೆ ನಿಂತೆ."

ಆಕೆ ನೆನಪು ಮಾಡಿಕೊಳ್ಳಲು ನೋಡಿದಳು. ಅಂದು ಮಧ್ಯಾಹ್ನ ಬಾಗಿಲು ತಟ್ಟಿದವರು ಎಷ್ಟೋ ಜನ. ಬೈದದ್ದೂ ಅಷ್ಟೇ ಸಲ. ಅದರಲ್ಲಿ ಗಂಡನಿಗೆ ಬೈದದ್ದು ಯಾವುದು? ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.

ಮರುದಿನ ಆಕೆ ನೇರ ಮ್ಯಾನೇಜರ ಮುಂದೆ ಹೋಗಿ ನಿಂತಳು. ಒಣಗಿಸುವ ವಿಭಾಗದವರಿಗೆ ದಣಿವಾರಿಸಿಕೊಳ್ಳಲು ಒಂದು ತಂಪು ಕೋಣೆ ಬೇಕು ಎಂದಳು. ಅವರು ಎಂದಿನಂತೆ, ನೋಡೋಣ, ಮೇಲಿನವರಿಗೆ ಬರೆಯೋಣ, ಕಾಲಾವಕಾಶ ಬೇಕು ಎಂದು ರಾಗ ಎಳೆದರು.

"ಆಯ್ತು, ನಿಧಾನವಾಗಿ ಕಟ್ಟಿ. ಅಲ್ಲೀವರೆಗೆ ಅವ್ರು ನನ್ನ ಕೋಣೇಲಿ ಕೂರ್ತಾರೆ."

"ಮತ್ತೆ ಕಾಗದ? ಮುಂದಿನ ವರ್ಷದ ಮಾನ್ಯತೆ?"

"ಅದನ್ನ ನೀವು ಯೋಚ್ನೆ ಮಾಡಿ ಸಾರ್. ಇಪ್ಪತ್ತು ವರ್ಷ ನಾನೊಬ್ಳೇ ಮಾಡಿದ್ದು ಸಾಕು."

ಕಾರ್ಖಾನೆಯ ಉಗ್ರಾಣದಿಂದ ಒಂದು ಬೆಂಚನ್ನು ಹೊರಿಸಿ ತಂದು ಕೋಣೆಯ ಗೋಡೆಗೆ ಹಾಕಿಸಿದಳು. ಗಂಡ ಕೆಲಸಕ್ಕೆ ಮರಳಿದ ದಿನ ಬೆಂಚಿನ ತುಂಬ ಜನ ಕೂತಿದ್ದರು. ಆತ ಅರ್ಧ ತೆರೆದ ಬಾಗಿಲಲ್ಲಿ ನಿಂತು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು, "ಬರ್ಲೇನೇ?" ಎಂದು ಕೇಳಿದ.

"ಇನ್ನೂ ಕೇಳ್ತೀರಲ್ರೀ!" ಎಂದು ಆಕೆ ರೇಗಿದಳು. ಎದ್ದು ಹೋಗಿ, ಎಲ್ಲರೆದುರೇ ಆತನ ಕೈಹಿಡಿದು ಒಳಗೆಳೆದು, ತನ್ನ ಕುರ್ಚಿಯಲ್ಲಿ ಕೂರಿಸಿದಳು.